ಮಳೆಯ ಪುಸ್ತಕಗಳೂ ಗೂಡುಗಳ ಸಾಲೂ

ಕಾಸರಗೋಡು ಸೀಮೆಯ ಪ್ರತಿಯೊಂದು ಅಡಕೆ ತೋಟದ ಮನೆಯಲ್ಲಿಯೂ ಒಂದು ಮಳೆಮಾಪಕವೂ ಅದಕ್ಕೊಂದು ಪುಸ್ತಕವೂ ಇರುತ್ತದೆ ಎಂದರೆ ಅತಿಶಯೋಕ್ತಿಯಾದೀತು. ಆದರೆ ಅಂಥ ಮನೆಗಳು ನಮ್ಮಲ್ಲಿ ವಿರಳವೇನಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನೆಲದಲ್ಲಿ ಬದುಕುವವರಿಗೆ ಮಳೆಯನ್ನು ಅಳೆಯುವ ಚಪಲ ಸಹಜವಾಗಿಯೇ ಬರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎಂದು ಬಿಡಬೇಕು, ಎರಡನೆಯ ಸಲದ ಮದ್ದಿಗೆ ಬಿಸಿಲು ಎಂದು ಬಿಟ್ಟುಕೊಟ್ಟೀತು, ಬೇಸಗೆಯಲ್ಲಿ ಸುರಂಗದ ನೀರು ಎಲ್ಲಿಯವರೆಗೆ ಬಂದೀತು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಪುಸ್ತಕದ ಮುಂದೆಯೇ. ಸಮ್ಮೇಳನದ ಸ್ಮರಣ ಸಂಚಿಕೆಗೆ ಸಾಹಿತ್ಯದ ಲೇಖನವನ್ನೇ ಬರೆಯಬೇಕೆಂಬ ನಿರ್ಬಂಧವಿಲ್ಲವೆಂದು ಸಂಪಾದಕರು ಭರವಸೆಯಿತ್ತದ್ದರಿಂದ, ಅಂಥ ನಾಲ್ಕು ಪುಸ್ತಕಗಳನ್ನು ಗಣಕಯಂತ್ರದೊಳಗೆ ಒಟ್ಟುಗೂಡಿಸಲು ನಾವು ನಡೆಸಿದ ಯತ್ನದ ಕಥನವನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ನಾವೆಂದರೆ ಮೂವರು. ಒಬ್ಬರು ಗಣಿತ ಕಲಿಸಿ ನಿವೃತ್ತರಾದವರು, ಇನ್ನೊಬ್ಬರು ತೋಟವನ್ನೇ ನೆಚ್ಚಿಕೊಂಡವರು, ಮೂರನೆಯವಳು ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಅಕ್ಕನ ಮಗಳು. ಕಾರ್ಯಕ್ಕೆ ಕಾರಣವಾದದ್ದು ನೆಂಟರ ಮನೆಯ ಒಂದು ಚರ್ಚೆ. ಆ ಮನೆಯ ಸುರಂಗದ ನೀರು ವರ್ಷದಿಂದ ವರ್ಷಕ್ಕೆ ಸಪೂರವಾಗುತ್ತಿದೆ, ಇನ್ನು ಕೊಳವೆಬಾವಿ ಕೊರೆಸದೆ ಗತಿಯಿಲ್ಲ ಎಂಬುದು ಮಗನ ವಾದ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ಯಾವ ಪಂಪಿನ ಹಂಗೂ ಇಲ್ಲದೆ ತಾನಾಗಿಯೇ ಕೆರೆಗೆ ಹರಿಸುವ ಈ ಸುರಂಗಗಳು ನಮ್ಮ ಸೀಮೆಯ ಹಿರಿಯರ ಸೊತ್ತು. ಅದನ್ನು ಕೈಬಿಡುವುದೆಂದರೆ ಮನೆಯ ಹಿರಿಯಾಕೆಗೆ ಮನಸ್ಸೊಪ್ಪದು. ಮಳೆಯೇ ಕಡಿಮೆಯಾಗಿದೆಯೋ, ಸುರಂಗವೇ ಸೋತಿದೆಯೋ? ಇದನ್ನು ಬಾಯಿಮಾತಿನಲ್ಲಿ ಇತ್ಯರ್ಥಮಾಡುವಂತಿರಲಿಲ್ಲ. ಅಟ್ಟದ ಮೇಲೆ ಮನೆಯ ಯಜಮಾನರು ಬರೆದಿಟ್ಟ ಪುಸ್ತಕವಿತ್ತು. ಅದರ ಒಂದು ಮೂಲೆಗೆ ಗೆದ್ದಲು ಆಗಲೇ ಬಾಯಿಹಾಕಿತ್ತು. ಯಜಮಾನರು ತೀರಿಕೊಂಡು ವರ್ಷಗಳಾಗಿವೆ.

ಒಂದು ಮನೆಯ ಲೆಕ್ಕ ಸಾಲದೆಂದು ನೆರೆಕರೆಯಲ್ಲಿ ವಿಚಾರಿಸಿದೆವು. ಇನ್ನೂ ಮೂರು ಪುಸ್ತಕಗಳು ದೊರೆತವು. ತೊಡಕು ಹುಟ್ಟಿದ್ದು ಅಲ್ಲಿ. ಮೊದಲನೆಯದರಲ್ಲಿ 1979ರಿಂದ 2009ರವರೆಗೆ 31 ವರ್ಷಗಳ ಲೆಕ್ಕ, ಜನವರಿಯಿಂದ ಡಿಸೆಂಬರಿನ ವರೆಗೆ ತಿಂಗಳಿಗೊಂದರಂತೆ 12 ಅಂಕಿಗಳು, ಮಿಲಿಮೀಟರಿನಲ್ಲಿ. ಎರಡನೆಯದು ಸುರಂಗದ ಮನೆಯದು. 1990ರಿಂದ 14 ವರ್ಷ, ತಿಂಗಳುಗಳು 12ರೇ ಆದರೂ ಅವು ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಸಿದ ತುಳು ತಿಂಗಳುಗಳು. ಅಳತೆ ಇಂಚಿನಲ್ಲಿ, ಬರಹ ಕನ್ನಡದ ಅಂಕಿಗಳಲ್ಲಿ. ಮೂರನೆಯದು ಶಾಲಾ ಮಾಸ್ತರರೊಬ್ಬರದು. ಮಳೆಗಾಲವೆಂದರೆ ಮಳೆಗಾಲವೇ ಎಂಬ ಖಚಿತ ನಿಲುವಿನ ಅವರು 9 ವರ್ಷ ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಾತ್ರ ಅಳೆದಿದ್ದರು. ನಾಲ್ಕನೆಯದು ಎಲ್ಲಕ್ಕಿಂತ ಶಿಸ್ತಿನದು. 1994ರಿಂದ 2011ರವರೆಗೆ 18 ವರ್ಷ, ದಿನಕ್ಕೊಂದು ಅಂಕಿ, ಹವಾಮಾನ ಇಲಾಖೆಯವರ ಕ್ರಮದಂತೆ ಬೆಳಗ್ಗೆ ಎಂಟೂವರೆಗೆ ನೋಡಿ ಬರೆದದ್ದು.

ಇಂಥ ಅಂಕಿಗಳ ಚೌಕಟ್ಟನ್ನು ಗಣಿತದಲ್ಲಿ ಮ್ಯಾಟ್ರಿಕ್ಸ್ ಎನ್ನುತ್ತಾರೆ. 1850ರಲ್ಲಿ ಈ ಹೆಸರನ್ನಿಟ್ಟವನು ಇಂಗ್ಲೆಂಡಿನ ಗಣಿತಜ್ಞ ಸಿಲ್ವೆಸ್ಟರ್. ಲ್ಯಾಟಿನ್ನಿನಲ್ಲಿ ಅದಕ್ಕೆ ಗರ್ಭವೆಂದು ಅರ್ಥ. ನಮ್ಮ ಕನ್ನಡದ ಪಠ್ಯಪುಸ್ತಕಗಳು ಅದನ್ನು ಮಾತೃಕೆ ಎಂದು ಕರೆದಿವೆ. ತಾಯಿಯ ನೆನಪು ಎರಡು ಭಾಷೆಗಳಲ್ಲಿಯೂ ಉಳಿದುಕೊಂಡ ಈ ಅನುವಾದವನ್ನು ಮಾಡಿದವರು ಯಾರೇ ಆಗಿರಲಿ, ಅವರಿಗೆ ನಮ್ಮ ನಮಸ್ಕಾರ. ಅಕ್ಷರಮಾಲೆಗೂ ಸಂಸ್ಕೃತದಲ್ಲಿ ಮಾತೃಕೆಯೆಂಬ ಹೆಸರುಂಟೆಂಬುದನ್ನು ಬಲ್ಲವರಿಗೆ ಈ ಶಬ್ದದ ಸೊಗಸು ಇನ್ನಷ್ಟು ಕಂಡೀತು.

ಮಾತೃಕೆಗಳಿಗಾಗಿಯೇ ಹುಟ್ಟಿದ ತಂತ್ರಾಂಶ ಮ್ಯಾಟ್‌ಲ್ಯಾಬ್. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಕ್ಲೀವ್ ಮೋಲರ್ ಎಂಬ ಪ್ರಾಧ್ಯಾಪಕರು ಫೋರ್ಟ್ರಾನ್ ಭಾಷೆಯ ಗೋಜಲಿಗೆ ಸಿಲುಕದೆ ತಮ್ಮ ವಿದ್ಯಾರ್ಥಿಗಳು ಲೆಕ್ಕ ಮಾಡಲೆಂದು 1970ರ ದಶಕದ ಕೊನೆಗೆ ಅದನ್ನು ರಚಿಸಿದರು. 1984ರಲ್ಲಿ ಅದನ್ನು ಮಾರುವ ಸಂಸ್ಥೆ ಹುಟ್ಟಿತು. ನಮ್ಮ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. ಕೊಂಡುಕೊಳ್ಳುವ ಶಕ್ತಿ ನಮಗಿಲ್ಲದ್ದರಿಂದ ನಾವು ಆಶ್ರಯಿಸಿದ್ದು ಬಹುಮಟ್ಟಿಗೆ ಅದೇ ಭಾಷೆಯನ್ನಾಡುವ, ಎಲ್ಲರಿಗೂ ಉಚಿತವಾಗಿ ದೊರೆಯುವ ಆಕ್ಟೇವ್ ಎಂಬ ತಂತ್ರಾಂಶವನ್ನು. ಹೆಸರು ಕೇಳಿ ಸಂಗೀತದ ಸಪ್ತಕ ನೆನಪಾದರೂ ಸಂಬಂಧ ಅದಕ್ಕಲ್ಲ. ಅದನ್ನು ಬರೆದ ಜಾನ್ ಈಟನ್ ಅವರು, ಲಕೋಟೆಯ ಹಿಂಬದಿಯಲ್ಲಿ ಚುರುಕಾಗಿ ಲೆಕ್ಕಹಾಕಿಬಿಡುತ್ತಿದ್ದ ತಮ್ಮ ಗುರು ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರನ್ನು ಅದಕ್ಕಿಟ್ಟರು. ಗುರುವಿನ ಹೆಸರನ್ನು ಹೀಗೆ ಉಳಿಸುವುದು ನಮ್ಮವರಿಗೂ ಒಪ್ಪುವ ಕ್ರಮವೇ.

ಮಾತೃಕೆಗಳನ್ನು ಕೂಡಿಸುವುದೆಂದರೆ ಇಲ್ಲಿ ಸಂಕಲನವಲ್ಲ, ಜೋಡಣೆ. ಚೌಕಾವರಣದೊಳಗೆ ಎರಡು ಮಾತೃಕೆಗಳನ್ನು ಬರೆದು ನಡುವೆ ಅಲ್ಪವಿರಾಮವಿಟ್ಟರೆ ಒಂದರ ಮಗ್ಗುಲಿಗೆ ಇನ್ನೊಂದು ಕೂಡುತ್ತದೆ; ಅರ್ಧವಿರಾಮವಿಟ್ಟರೆ ಒಂದರ ಕೆಳಗೆ ಇನ್ನೊಂದು. ಮಗ್ಗುಲಿಗೆ ಕೂಡಬೇಕಾದರೆ ಅಡ್ಡಸಾಲುಗಳು ಸಮವಿರಬೇಕು, ಕೆಳಗೆ ಕೂಡಬೇಕಾದರೆ ಕಂಬಸಾಲುಗಳು ಸಮವಿರಬೇಕು. ಇದರಲ್ಲಿ ದಾಕ್ಷಿಣ್ಯವಿಲ್ಲ. 12 ಕಂಬಗಳ ಪುಸ್ತಕದ ಕೆಳಗೆ ಮಾಸ್ತರರ 4 ಕಂಬಗಳನ್ನು ಇರಿಸಹೊರಟರೆ ಆಕ್ಟೇವ್, ಲಂಬ ಅಳತೆಗಳು ಹೊಂದುವುದಿಲ್ಲವೆಂದು ಎರಡರ ಅಳತೆಗಳನ್ನೂ ಎತ್ತಿ ತೋರಿಸಿ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಆದರೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದು ನಿಲ್ಲಿಸದಿರುವ ಸಂದರ್ಭ. ಒಂದನೆಯ ಪುಸ್ತಕವೂ ಎರಡನೆಯದೂ 12 ಕಂಬಗಳವೇ. ಇವೆರಡನ್ನು ಒಂದರ ಕೆಳಗೊಂದು ಜೋಡಿಸೆಂದರೆ ಯಂತ್ರ ತುಟಿಪಿಟಕ್ಕೆನ್ನದೆ 45 ಸಾಲುಗಳ ಮಾತೃಕೆಯೊಂದನ್ನು ಮುಂದಿಡುತ್ತದೆ. ಅದರಲ್ಲಿ ಜನವರಿಯ ಕೆಳಗೆ ಪಗ್ಗು ಕುಳಿತಿರುತ್ತದೆ! ಪಗ್ಗು ಆರಂಭವಾಗುವುದು ಬಿಸುವಿಗೆ, ಅಂದರೆ ಏಪ್ರಿಲ್ ನಡುವಿಗೆ. ಮಿಲಿಮೀಟರಿನ ಕೆಳಗೆ ಇಂಚು. ಅಳತೆ ಹೊಂದಿತೇ ಎಂದು ಯಂತ್ರ ನೋಡುತ್ತದೆ, ಅರ್ಥ ಹೊಂದಿತೇ ಎಂದು ನೋಡುವ ಹೊಣೆ ನಮ್ಮದು. ಹೊಂದದ ಅಳತೆ ಕೂಗಿ ಹೇಳುತ್ತದೆ, ಹೊಂದಿದ ಅಳತೆಯ ಹಿಂದಿನ ಅಪಾರ್ಥ ಮೌನವಾಗಿರುತ್ತದೆ. ಎರಡನೆಯದೇ ಹೆಚ್ಚು ಭಯಾನಕವೆಂದು ನಾವು ತಿಳಿದಿದ್ದೇವೆ.

ಅಕ್ಕನ ಮಗಳ ತರಗತಿಯಲ್ಲಿ ಬಳಕೆಯಲ್ಲಿದ್ದ ಉಪಾಯ ಬೇರೆ. ಚಿಕ್ಕ ಮಾತೃಕೆಯ ಖಾಲಿ ಜಾಗಗಳಲ್ಲಿ ಸೊನ್ನೆಗಳನ್ನು ತುಂಬಿ ದೊಡ್ಡದಕ್ಕೆ ಸರಿಗಟ್ಟುವುದು. ಅವಳು ಅದನ್ನು ಸೂಚಿಸಿದ್ದು ಸುರಂಗದ ಮನೆಯ ಚಾವಡಿಯಲ್ಲಿ.

"ಮಾವ, ಬರೆಯದೆ ಬಿಟ್ಟಲ್ಲೆಲ್ಲ ಸೊನ್ನೆ ಹಾಕಿದರೆ ಆಯಿತಲ್ಲ? ಇಲ್ಲಿ ನೋಡಿ, ಒಂದು ವರ್ಷದ ಆಟಿಯ ಮನೆ ಖಾಲಿಯೇ ಇದೆ."

ಎಲೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದ ಅಜ್ಜಿ ತಲೆಯೆತ್ತಿದರು. "ಸೊನ್ನೆ ಬರೆಯಬೇಡ ಮಗಳೇ. ಆ ಆಟಿಯಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ಮಳೆ ಧಾರಾಳ ಬಂದಿತ್ತು. ಅಳೆಯುವವರು ಇರಲಿಲ್ಲ, ಅಷ್ಟೆ."

ಆ ಮೇಲೆ ನಮ್ಮಲ್ಲಿ ಯಾರೂ ಸೊನ್ನೆಯ ಮಾತೆತ್ತಲಿಲ್ಲ. ಆಟಿಯಲ್ಲಿ ಸೊನ್ನೆ ಮಳೆಯೆಂದರೆ ನಮ್ಮ ಕಡೆ ಅದೊಂದು ಮಹಾ ದುರಂತದ ದಾಖಲೆಯೇ ಆಗುತ್ತಿತ್ತು. ಮಳೆ ಬಾರದಿರುವುದು ಬೇರೆ, ಬಂದದ್ದನ್ನು ಬರೆಯದಿರುವುದು ಬೇರೆ. ಈ ಭೇದವನ್ನು ಉಳಿಸಿಕೊಳ್ಳಲು ಗಣಕಗಳಲ್ಲಿ ಒಂದು ವಿಶೇಷ ಚಿಹ್ನೆಯಿದೆ. ಅದಕ್ಕೆ ನ್ಯಾನ್ ಎನ್ನುತ್ತಾರೆ, ಅಂದರೆ 'ಸಂಖ್ಯೆಯಲ್ಲ'. 1985ರ ಅಂತಾರಾಷ್ಟ್ರೀಯ ಮಾನಕವೊಂದು ಅದರ ನಡವಳಿಕೆಯನ್ನು ಗೊತ್ತುಪಡಿಸಿತು. ಅದರ ಸ್ವಭಾವ ವಿಚಿತ್ರ: ಯಾವ ಸಂಖ್ಯೆಯೊಡನೆ ಕೂಡಿದರೂ ಫಲ ನ್ಯಾನೇ, ತನಗೆ ತಾನೇ ಸಮವೇ ಎಂದು ಕೇಳಿದರೂ ಅಲ್ಲವೆನ್ನುತ್ತದೆ. ತಿಳಿಯದ ಒಂದು, ತಿಳಿಯದ ಇನ್ನೊಂದಕ್ಕೆ ಸಮವೆಂದು ಯಾರು ತಾನೆ ಹೇಳಿಯಾರು? ಹಾಗಾಗಿ ಸರಾಸರಿ ತೆಗೆಯುವಾಗ ಅದನ್ನು ಬಿಟ್ಟು ಲೆಕ್ಕಹಾಕೆಂದು ಯಂತ್ರಕ್ಕೆ ನಾವೇ ಬಾಯ್ಬಿಟ್ಟು ಹೇಳಬೇಕಾಗುತ್ತದೆ. ಅಜ್ಜಿಯ ಆಟಿಯ ಮನೆಗೆ ನಾವು ನ್ಯಾನ್ ಬರೆದೆವು.

ಆದರೆ ಎಲ್ಲ ಪುಸ್ತಕಗಳನ್ನೂ ನ್ಯಾನ್ ತುಂಬಿ ಒಂದೇ ಅಳತೆಗೆ ತರುವುದು ವಿವೇಕವೆನಿಸಲಿಲ್ಲ. ಲೆಕ್ಕ ಮಾಡಿ ನೋಡಿದೆವು. ನಾಲ್ಕೂ ಪುಸ್ತಕಗಳ ಸಾಲುಗಳು ಸೇರಿ 72. ದಿನದ ಪುಸ್ತಕದ ಅಗಲಕ್ಕೆ ಸರಿಗಟ್ಟಬೇಕಾದರೆ ಕಂಬಗಳು 366. ಒಟ್ಟು 26,352 ಮನೆಗಳು. ಅವುಗಳಲ್ಲಿ ಪುಸ್ತಕಗಳಲ್ಲಿ ಜಾಗವಿರುವುದು 7,150ಕ್ಕೆ ಮಾತ್ರ. ಉಳಿದ 19,202 ಮನೆಗಳಲ್ಲಿ ಶೂನ್ಯವನ್ನೂ ಅಲ್ಲದ ಶೂನ್ಯವನ್ನು ತುಂಬಿಡಬೇಕು. ಜತೆಗೆ ಅಧಿಕ ವರ್ಷದ ಫೆಬ್ರವರಿ 29ರ ತಂಟೆ ಬೇರೆ. ಆ 18 ವರ್ಷಗಳಲ್ಲಿ 1996, 2000, 2004, 2008 ಮಾತ್ರ ಅಧಿಕ ವರ್ಷಗಳು. ಮಿಕ್ಕ 14 ವರ್ಷಗಳಲ್ಲಿ ಆ ದಿನವೇ ಇಲ್ಲ. ಬರೆಯದ ದಿನಕ್ಕೂ ಹುಟ್ಟದ ದಿನಕ್ಕೂ ಒಂದೇ ಗುರುತು ಹಾಕುವುದು ಸರಿಯೇ? ತರ್ಕಶಾಸ್ತ್ರದವರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆಂಬುದನ್ನು ನಮ್ಮಲ್ಲೊಬ್ಬರು ನೆನಪಿಸಿದರು. ಆ ಚರ್ಚೆಗೆ ಅಂದಿನ ಸಂಜೆಯ ಕಾಫಿಯೆಲ್ಲ ತೀರಿತು.

ಇದಕ್ಕೆ ಮದ್ದು ಸೆಲ್ ಅರೇ. ಮೊದಲ ಮ್ಯಾಟ್‌ಲ್ಯಾಬಿನಲ್ಲಿ ಮಾತೃಕೆಯ ಹೊರತು ಬೇರೆ ಬಗೆಯ ದತ್ತಾಂಶವೇ ಇರಲಿಲ್ಲ. ಇದು ಸೇರಿದ್ದು 1996ರ ಹೊತ್ತಿಗೆ ಬಂದ ಐದನೆಯ ಆವೃತ್ತಿಯಲ್ಲಿ. ಕೋಶವೆಂದರೆ ನಿಘಂಟೂ ಆದೀತು, ಬೊಕ್ಕಸವೂ ಆದೀತೆಂದು ನಾವು ಅದಕ್ಕೆ ಗೂಡುಗಳ ಸಾಲು ಎಂದು ಹೆಸರಿಟ್ಟುಕೊಂಡೆವು. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಗೂಡುಗಳನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಒಂದರಲ್ಲಿ ಕಾರ್ಡು, ಇನ್ನೊಂದರಲ್ಲಿ ದಪ್ಪ ಲಕೋಟೆ, ಮತ್ತೊಂದರಲ್ಲಿ ಪತ್ರಿಕೆಯ ಸುರುಳಿ. ಗೂಡುಗಳು ಮಾತ್ರ ಸಾಲಾಗಿರುತ್ತವೆ. ಚೌಕಾವರಣದ ಬದಲು ಪುಷ್ಪಾವರಣವನ್ನು ಹಾಕಿ ನಾಲ್ಕು ಮಾತೃಕೆಗಳ ಹೆಸರನ್ನು ಬರೆದರೆ ಸಾಕು, ಯಾರನ್ನೂ ಕುಗ್ಗಿಸದೆ ಹಿಗ್ಗಿಸದೆ ನಾಲ್ಕೂ ಒಂದೇ ಹೆಸರಿನಡಿ ಸೇರುತ್ತವೆ. ಗೂಡಿನೊಳಗೆ ಇನ್ನೊಂದು ಗೂಡುಗಳ ಸಾಲನ್ನೇ ಇರಿಸಲೂಬಹುದು. ದಿನದ ಪುಸ್ತಕವನ್ನು ನಾವು ಹಾಗೆಯೇ ಮಾಡಿದೆವು: ನಾಲ್ಕನೆಯ ಗೂಡಿನಲ್ಲಿ 18 ಕಿರುಗೂಡುಗಳು, 14ರಲ್ಲಿ 365 ಅಂಕಿ, 4ರಲ್ಲಿ 366. ಹುಟ್ಟದ ದಿನದ ಸಮಸ್ಯೆ ಅಲ್ಲಿಗೆ ಮುಗಿಯಿತು.

ಬಳಸುವವರು ಒಂದು ಸೂಕ್ಷ್ಮವನ್ನು ಅರಿತಿರಬೇಕು. ಸಾಲಿನ ಹೆಸರಿನ ಮುಂದೆ ದುಂಡಾವರಣದಲ್ಲಿ ಎರಡೆಂದು ಬರೆದರೆ ಕೈಗೆ ಬರುವುದು ಎರಡನೆಯ ಗೂಡು. ಪುಷ್ಪಾವರಣದಲ್ಲಿ ಎರಡೆಂದು ಬರೆದರೆ ಬರುವುದು ಗೂಡಿನೊಳಗಿನ ವಸ್ತು. ಇಂಚನ್ನು ಮಿಲಿಮೀಟರಿಗೆ ತರಲು 25.4ರಿಂದ ಗುಣಿಸಬೇಕಷ್ಟೆ. ಗೂಡನ್ನು ಗುಣಿಸೆಂದರೆ ಯಂತ್ರ ಒಪ್ಪುವುದಿಲ್ಲ, ಒಳಗಿನ ಮಾತೃಕೆಯನ್ನು ಗುಣಿಸೆಂದರೆ ಒಪ್ಪುತ್ತದೆ. ಭರಣಿಯನ್ನು ತಿನ್ನಲಾಗದು, ಉಪ್ಪಿನಕಾಯಿಯನ್ನು ತಿನ್ನಬಹುದು ಎಂದು ಅಕ್ಕನ ಮಗಳು ಇದನ್ನು ನಮಗೆ ಅರ್ಥಮಾಡಿಸಿದಳು. ಪ್ರತಿಯೊಂದು ಗೂಡಿಗೂ ಒಂದೇ ಕೆಲಸವನ್ನು ಹಚ್ಚಬೇಕಾದರೆ ಸೆಲ್‌ಫನ್ ಎಂಬ ಆಜ್ಞೆಯಿದೆ. ಪ್ರತಿ ಗೂಡಿನಿಂದಲೂ ಒಂದೊಂದೇ ಸಂಖ್ಯೆ ಬರುವುದಾದರೆ ಅದು ಉತ್ತರಗಳನ್ನು ಸಾಮಾನ್ಯ ಸರಣಿಯಾಗಿ ಕೊಡುತ್ತದೆ. ತಿಂಗಳುವಾರು ಸರಾಸರಿಯಂತೆ ಬೇರೆ ಬೇರೆ ಉದ್ದದ ಉತ್ತರಗಳು ಬರುವುದಾದರೆ, ಉತ್ತರಗಳು ಏಕರೂಪವಲ್ಲವೆಂದು ಮೊದಲೇ ತಿಳಿಸಬೇಕು. ಆಗ ಉತ್ತರಗಳೂ ಗೂಡುಗಳಲ್ಲಿಯೇ ಬರುತ್ತವೆ.

ಗೂಡಿನಲ್ಲಿಟ್ಟ ಮಾತ್ರಕ್ಕೆ ಪುಸ್ತಕಗಳು ಒಂದರೊಡನೊಂದು ಮಾತನಾಡುವುದಿಲ್ಲ. ಒಂದೆಡೆ ಇರಿಸುವುದು ಬೇರೆ, ಹೋಲಿಸುವುದು ಬೇರೆ. ಇಲ್ಲಿ ದಾರಿ ಒಮ್ಮುಖವಾದದ್ದು. ದಿನದ ಅಂಕಿಗಳಿಂದ ಇಂಗ್ಲಿಷ್ ತಿಂಗಳನ್ನೂ ಕಟ್ಟಬಹುದು, ತುಳು ತಿಂಗಳನ್ನೂ ಕಟ್ಟಬಹುದು. ಆದರೆ ಆಟಿ ತಿಂಗಳ ಒಟ್ಟು ಮಳೆಯಿಂದ ಜುಲೈಗೆಷ್ಟು, ಆಗಸ್ಟಿಗೆಷ್ಟು ಎಂದು ಬಿಡಿಸಲು ಬಾರದು. ಅಕ್ಕಿಯನ್ನು ಅರೆದು ಹಿಟ್ಟು ಮಾಡಬಹುದು, ಹಿಟ್ಟಿನಿಂದ ಅಕ್ಕಿ ಬಾರದು. ಆದ್ದರಿಂದ ದಿನದ ಪುಸ್ತಕವನ್ನು ಎರಡು ಸಲ ಕೂಡಿದೆವು. ಜನವರಿ ಮೊದಲಾಗಿ ಕೂಡಿದ್ದನ್ನು ಒಂದನೆಯ ಪುಸ್ತಕದ ಪಕ್ಕಕ್ಕಿಟ್ಟೆವು. ಪಂಚಾಂಗ ಹಿಡಿದು ಸಂಕ್ರಮಣದಿಂದ ಸಂಕ್ರಮಣಕ್ಕೆ ಕೂಡಿದ್ದನ್ನು ಸುರಂಗದ ಮನೆಯ ಪುಸ್ತಕದ ಪಕ್ಕಕ್ಕಿಟ್ಟೆವು. ಮಾಸ್ತರರಿಗಾಗಿ ಒಂದನೆಯ ಪುಸ್ತಕದ ಆರರಿಂದ ಒಂಬತ್ತನೆಯ ಕಂಬಗಳನ್ನು ಮಾತ್ರ ಕತ್ತರಿಸಿ ತೆಗೆದೆವು. ಈಗ ಇಬ್ಬರದೂ ನಾಲ್ಕು ಕಂಬಗಳಾಗಿ, ಎಲ್ಲ ಗೂಡುಗಳ ಸರಕನ್ನೂ ಒಂದರ ಕೆಳಗೊಂದು ಪೇರಿಸುವ ವರ್ಟ್‌ಕ್ಯಾಟ್ ಎಂಬ ಆಜ್ಞೆ ಸದ್ದಿಲ್ಲದೆ ಕೆಲಸ ಮಾಡಿತು. ಬ್ಲಾಕ್‌ಡಯಾಗ್ ಎಂಬ ಮತ್ತೊಂದು ಆಜ್ಞೆ ಅಳತೆ ಹೊಂದದ ಮಾತೃಕೆಗಳನ್ನು ಮೂಲೆಯಿಂದ ಮೂಲೆಗೆ ಮೆಟ್ಟಿಲುಗಳಂತೆ ಇಳಿಸಿ ಜೋಡಿಸುತ್ತದೆ. ಮಿಕ್ಕ ಜಾಗಕ್ಕೆಲ್ಲ ಅದು ಸೊನ್ನೆಯನ್ನೇ ತುಂಬುವುದರಿಂದ ನಮ್ಮ ಮನೆಗೆ ಅದು ಸಲ್ಲಲಿಲ್ಲ.

ಎರಡನೆಯ ಪುಸ್ತಕದ ಅಂಕಿಗಳನ್ನು ಯಂತ್ರಕ್ಕೆ ಉಣಿಸುವುದು ಎಲ್ಲಕ್ಕಿಂತ ನಿಧಾನದ ಕೆಲಸವಾಗಿತ್ತು. ಮಾಸಿದ ಶಾಯಿಯಲ್ಲಿ ೬ ಯಾವುದು, ೯ ಯಾವುದು ಎಂದು ಬೂದುಗಾಜು ಹಿಡಿದು ನೋಡಬೇಕಿತ್ತು. ಮನೆಯ ಮೊಮ್ಮಕ್ಕಳು ಮನೆಯಲ್ಲಿ ಕನ್ನಡವನ್ನಾಡುತ್ತಾರೆ. ಶಾಲೆಯಲ್ಲಿ ಓದುವುದು ಬೇರೆ ಮಾಧ್ಯಮದಲ್ಲಿ. ಕನ್ನಡದ ಅಂಕಿಗಳು ಅವರಿಗೆ ಚಿತ್ರಗಳಂತೆ ಕಾಣುತ್ತವೆ. "ಇದು ಯಾರ ಕೋಡ್ ಅಜ್ಜಿ?" ಎಂದು ಕಿರಿಯವನು ಕೇಳಿದ. ಅಜ್ಜಿ ನಕ್ಕು, ೧ರಿಂದ ೧೦ರ ವರೆಗೆ ಅವನ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟರು. ಒಂದು ವಾರ ಕಳೆಯುವಷ್ಟರಲ್ಲಿ ಅವನೇ ಓದಿ ಹೇಳುತ್ತಿದ್ದ, ಅಕ್ಕನ ಮಗಳು ಒತ್ತುತ್ತಿದ್ದಳು.

ಆ ಪುಸ್ತಕದ ಅಂಚುಗಳಲ್ಲಿ ಯಜಮಾನರು ಚಿಕ್ಕ ಅಕ್ಷರಗಳಲ್ಲಿ ಏನೇನೋ ಬರೆದಿದ್ದರು. ಪತ್ತನಾಜೆಗೆ ಮಳೆ ಬಂದದ್ದು, ಮದ್ದು ಬಿಟ್ಟದ್ದು, ದನ ಕರುಹಾಕಿದ್ದು. ಇವೆಲ್ಲ ಅಂಕಿಗಳಲ್ಲ, ಮಾತೃಕೆಯಲ್ಲಿ ಇವಕ್ಕೆ ಸ್ಥಳವಿಲ್ಲ. ಗೂಡಿಗಾದರೋ ಮಾತೂ ಒಂದೇ, ಅಂಕಿಯೂ ಒಂದೇ. ಹೇಗೂ ಜಾಗವಿದೆಯೆಂದು ಪ್ರತಿ ವರ್ಷದ ಟಿಪ್ಪಣಿಯನ್ನೂ ಆ ವರ್ಷದ ಸಾಲಿನ ಜತೆ ಇನ್ನೊಂದು ಕಿರುಗೂಡಿನಲ್ಲಿ ಇರಿಸಿದೆವು. ಪ್ರಶ್ನೆಗೆ ಉತ್ತರದ ಸುಳಿವು ದೊರೆತದ್ದು ಆ ಗೂಡಿನಿಂದ.

ಮಳೆಯ ಅಂಕಿಗಳು ಹೇಳಿದ್ದು ಇಷ್ಟೆ: ಮಳೆಗಾಲದ ತಿಂಗಳುಗಳಲ್ಲಿ ಮನೆಯಿಂದ ಮನೆಗೆ ಹೆಚ್ಚಿನ ವ್ಯತ್ಯಾಸವಿಲ್ಲ, ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿಯೂ ಏರಿದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ಮಾತ್ರ ಒಂದು ಗುಡ್ಡದ ಆಚೆ ಸುರಿದು ಈಚೆ ಬಿಟ್ಟಿದೆ. ಒಂದು ತೋಟದ ಬೇಸಗೆ ಮಳೆಯನ್ನು ನೋಡಿ ಊರಿನ ಮಳೆಯ ಬಗ್ಗೆ ತೀರ್ಪು ಕೊಡುವುದು ತರವಲ್ಲವೆಂಬುದು ನಮಗೆ ಮನದಟ್ಟಾಯಿತು. ಸುರಂಗದ ನೀರು ಇಳಿದದ್ದಕ್ಕೆ ಮಳೆಯಲ್ಲಿ ತಕ್ಕ ಕಾರಣ ಕಾಣಲಿಲ್ಲ. ಅಂಚಿನ ಬರಹಗಳನ್ನು ವರ್ಷವಾರು ಸಾಲಾಗಿ ಓದಿದಾಗ ಕಂಡದ್ದು ಬೇರೆ. ಸುರಂಗದೊಳಗೆ ಕುಸಿದ ಮಣ್ಣನ್ನು ತೆಗೆಸಿತು ಎಂದಿರುವ ವರ್ಷದ ಮುಂದಿನ ಬೇಸಗೆಯಲ್ಲಿ ನೀರಿನ ದೂರಿಲ್ಲ. ಆಳು ಸಿಗಲಿಲ್ಲ, ಮಣ್ಣು ತೆಗೆಸಲಿಲ್ಲ ಎಂದಿರುವೆಡೆಗಳಲ್ಲಿ ಮುಂದಿನ ಸುಗ್ಗಿ ತಿಂಗಳಿನ ಎದುರು ನೀರು ಸಪೂರ ಎಂದಿದೆ. ಯಜಮಾನರು ತೀರಿಕೊಂಡ ಮೇಲೆ ಸುರಂಗದೊಳಗೆ ಹೊಕ್ಕು ಮಣ್ಣು ತೆಗೆಸಿದವರೇ ಇರಲಿಲ್ಲ.

ಹದಿನಾಲ್ಕು ವರ್ಷಗಳ ಒಂದು ಮನೆಯ ಟಿಪ್ಪಣಿ ಶಾಸ್ತ್ರೀಯ ಪ್ರಮಾಣವಾಗದೆಂದು ನಮ್ಮಲ್ಲಿನ ಗಣಿತದವರು ಎಚ್ಚರಿಸಿದರು. ಮಗ ತಕರಾರು ಮಾಡಲಿಲ್ಲ. ಕೊಳವೆಬಾವಿಗೆ ಮಾತಾಡಿದ್ದನ್ನು ಒಂದು ವರ್ಷ ಮುಂದಕ್ಕೆ ಹಾಕಿ, ಸುರಂಗದ ಕೆಲಸ ಬಲ್ಲ ಇಬ್ಬರನ್ನು ಹುಡುಕಿ ಕರೆತಂದ. ಅವರು ಒಂಬತ್ತು ದಿನ ಬುಟ್ಟಿಬುಟ್ಟಿಯಾಗಿ ಕೆಂಪು ಕೆಸರನ್ನು ಹೊರಗೆ ಹಾಕಿದರು. ಬಾಯಿಯಲ್ಲಿ ಹೊಸ ದಂಬೆಯಿಟ್ಟ ದಿನ ಬಿದ್ದ ನೀರನ್ನು ಅಜ್ಜಿ ಬಹಳ ಹೊತ್ತು ನೋಡುತ್ತ ನಿಂತಿದ್ದರು. ಮುಂದಿನ ಸುಗ್ಗಿಯಲ್ಲಿ ಅದು ಎಷ್ಟಿರುತ್ತದೆಂಬುದನ್ನು ಬರೆದಿಡಲು ಕಿರಿಯ ಮೊಮ್ಮಗನಿಗೆ ಹೊಸದೊಂದು ಪುಸ್ತಕ ಕೊಟ್ಟಿದ್ದೇವೆ. ಯಾವ ಅಂಕಿಯಲ್ಲಿ ಬರೆಯಬೇಕೆಂದು ನಾವು ಹೇಳಿಲ್ಲ. ಅವನು ಮೊದಲ ಪುಟದಲ್ಲಿ ಎರಡರಲ್ಲಿಯೂ ಬರೆದಿದ್ದಾನೆ.

ಆ ಪುಸ್ತಕಕ್ಕೆ ಆರನೆಯ ಗೂಡನ್ನು ಕೊಟ್ಟಿದ್ದೇವೆ. ಐದನೆಯದು ಪಯಸ್ವಿನಿಯ ಆಚೆ ದಡದ ಒಂದು ಮನೆಯವರು ಅಟ್ಟದಿಂದ ಹುಡುಕಿ ಕೊಡುತ್ತೇವೆಂದ ಪುಸ್ತಕಕ್ಕಾಗಿ. ಸಾಲಿನಲ್ಲಿ ನಾಲ್ಕೇ ಗೂಡುಗಳಿರುವಾಗ ಆರನೆಯದಕ್ಕೆ ವಸ್ತುವನ್ನಿಟ್ಟರೆ ಐದನೆಯ ಗೂಡನ್ನು ಆಕ್ಟೇವ್ ತಾನಾಗಿಯೇ ಕಟ್ಟಿ ಖಾಲಿ ಬಿಡುತ್ತದೆ. ಅದರ ಅಳತೆ ಕೇಳಿದರೆ ಸೊನ್ನೆ ಸಾಲು, ಸೊನ್ನೆ ಕಂಬ ಎನ್ನುತ್ತದೆ. ಈ ಸಮ್ಮೇಳನಕ್ಕೆ ಬರುವವರಲ್ಲಿ ಅಂಥ ಪುಸ್ತಕವುಳ್ಳ ಮನೆಯವರಿದ್ದರೆ, ಎಷ್ಟೇ ವರ್ಷದ್ದಿರಲಿ, ಯಾವ ತಿಂಗಳಿನ ಲೆಕ್ಕದ್ದಿರಲಿ, ಸಂಘದ ಪುಸ್ತಕ ಮಾರಾಟದ ಮೇಜಿನ ಬಳಿ ನಮ್ಮನ್ನು ಕಾಣಬಹುದು. ಪುಸ್ತಕವನ್ನು ಕೊಟ್ಟು ಹೋಗಬೇಕಾಗಿಲ್ಲ. ಪುಟಗಳ ಚಿತ್ರ ತೆಗೆದುಕೊಂಡು ಅಲ್ಲಿಯೇ ಹಿಂತಿರುಗಿಸುತ್ತೇವೆ.